ವಿಶಾಲಮ್ಮ ಹೊರಗೆ ಕೂತ ದಿನಗಳು

೧
ಎಲ್ಲಿಂದ ಶುರು ಮಾಡಲಿ? ಹೊಟ್ಟೆಯಿಂದ ಮಾಡಿದರೆ ಸಂಪಾದಕರು ಮುಖ ಸಿಂಡರಿಸುತ್ತಾರೆ. (ಸಿಂಡರಿಸಲಿ.) ೧೯೬೬, ರಿಪ್ಪನ್‌ಪೇಟೆ ಹತ್ತಿರದ ಒಂದು ಮನೆ. ಮುಟ್ಟಾದಾಗ ಎಲ್ಲರೂ ಮೂರು ದಿನ ಹೊರಗೆ ಕೂತರೆ ಸೊಸೆ ವಿಶಾಲಮ್ಮ ಹನ್ನೆರಡು ದಿನ ಕೂರುತ್ತಾಳೆ. "ಕೆಲ್ಸ ತಪ್ಪಿಸ್ಕಳಕ್ಕೆ ನಾಟ್ಕ," ಎನ್ನುತ್ತಾರೆ ಅತ್ತೆ ಕೆರಿಯಮ್ಮ.

೨
ಮೊದಲ ಡ್ರಾಫ್ಟಿನಲ್ಲಿ ವಿಶಾಲಮ್ಮ ಕಂಬಕ್ಕೊರಗಿ ಎರಡು ಪುಟ ಬಿಕ್ಕಿದಳು. ಚೆನ್ನಾಗಿಯೇ ಬಂದಿತ್ತು, ನನ್ನ ಮಟ್ಟಕ್ಕೆ.

"ನಾನ್ಯಾವಾಗ ಅತ್ತಿದ್ದೆ?" ಎಂದು ಅವಳೇ ತಡೆದಳು. "ನೆತ್ರ ಹೋಗಿ ಹೋಗಿ ಕಣ್ಣು ಕತ್ಲೆ ಬರ್ತಿತ್ತು. ಅಳಕ್ಕೆ ಶಕ್ತಿ ಎಲ್ಲಿತ್ತು? ಬೆಳಿಗ್ಗೆ ಅಂಗಾತ ಮಲ್ಗಿದ್ದಾಗ ಕೆಳಹೊಟ್ಟೆ ಮುಟ್ಟಿ ನೋಡ್ಕಂಡೆ. ಗಟ್ಟಿ ಏನೋ ಸಿಕ್ತು. ಅದನ್ನ ಬರೀರಿ."

ಬರೆದೆ. ಆ ಎರಡು ಪುಟ ಹರಿದೆ.

೩
ಗಂಡ ಸುಬ್ಬಪ್ಪನನ್ನು ವಿಲನ್ ಮಾಡೋಣವೆಂದಿದ್ದೆ. ಪುಣ್ಯಾತ್ಮ ಸಾಗರದ ಲೇಡಿ ಡಾಕ್ಟರ ಹತ್ತಿರ ಹೋಗಲು ಬಸ್ಸಿನಲ್ಲಿ ಸೀಟು ಹಿಡಿದುಬಿಟ್ಟ. ಕೆರಿಯಮ್ಮನೂ ಹತ್ತಿದರು, ನಾಟಕ ಬಯಲಾಗುವುದನ್ನು ಕಣ್ಣಾರೆ ನೋಡಲು.

"ಎಷ್ಟು ದಿನ ಹೋಗುತ್ತೆ?" ಡಾಕ್ಟರು ಕೇಳಿದರು. ವಿಶಾಲಮ್ಮ ಹೇಳಿದಳು. ಕೆರಿಯಮ್ಮ ಬಾಯಿ ಹಾಕಿದರು: "ದೀಪಾವಳಿ ತಿಂಗ್ಳು ಹತ್ತು ದಿನ, ಆಮೇಲೆ ಹನ್ನೊಂದು, ಹೋದ್ ತಿಂಗ್ಳು ಹನ್ನೆರಡು. ಅಷ್ಟೂ ದಿನ ಒಲೆ ಮುಂದೆ ಬೆಂದವ್ಳು ನಾನು, ನಂಗೆ ಗೊತ್ತಿಲ್ವಾ?"

"ಸೊಸೆ ಹೇಳಿದ್ದೂ ಅದನ್ನೇ," ಎಂದು ಡಾಕ್ಟರು ಬರೆದುಕೊಂಡರು. (ದೂರು ಹೇಳಲು ಬಂದವರೇ ಸಾಕ್ಷಿಯಾದದ್ದು ನನ್ನ ಪ್ಲಾನಿನಲ್ಲಿರಲಿಲ್ಲ.)

೪
ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಒಳಗೆ ಬಿಳಿಚಿಕೊಂಡಿತ್ತು. ಉಚ್ಚೆ ಹೊಯ್ದು ಬರಲು ಕಳಿಸಿ, ಆಮೇಲೆ ಗಟ್ಟಿ ಸಿಕ್ಕಿತೆಂದು ವಿಶಾಲಮ್ಮ ತೋರಿಸಿದ ಕಡೆ ಹೊಟ್ಟೆ ಒತ್ತಿದರು. ಗಟ್ಟಿ ಅಲ್ಲೇ ಇತ್ತು. ಗ್ಲೌಸ್ ಹಾಕಿದ ಬೆರಳು ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ ಇಟ್ಟು ಅಲುಗಿಸಿ ನೋಡಿದರು.

"ಗರ್ಭಕೋಶದ ಜೊತೇಲೇ ಅಲುಗುತ್ತೆ. ಫೈಬ್ರಾಯ್ಡ್, ಗರ್ಭಕೋಶದ ಗಡ್ಡೆ. ಸಾಮಾನ್ಯವಾಗಿ ಕ್ಯಾನ್ಸರ್ ಆಗಿರಲ್ಲ. ಮೊದಲು ಮೈಯಲ್ಲಿ ರಕ್ತ ಹೆಚ್ಚಲಿ, ಆಮೇಲೆ ಶಿವಮೊಗ್ಗದಲ್ಲಿ ಆಪರೇಷನ್." ಕೈ ತೊಳೆಯುತ್ತಾ ಸೇರಿಸಿದರು: "ಕಂಡುಹಿಡಿದವಳು ನೀನೇ. ನಾನು ಹೆಸರು ಹೇಳಿದೆ ಅಷ್ಟೆ."

ವಿಶಾಲಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಬರೆಯುತ್ತಿರುವವನು ನಾನೇ ಎನ್ನುವುದನ್ನೂ ಮರೆತು ನನಗೆ ಹೆಮ್ಮೆಯಾಯಿತು.

೫
ಮುಕ್ತಾಯ ಒಂದು: ಆಪರೇಷನ್ ಟೇಬಲ್ಲಿನ ಮೇಲೆ ಅವಳು... ("ಸಾಯ್ಸಿದ್ರೆ ನೋಡಿ," ಎಂದಳು. ಹೊಡೆದುಹಾಕಿದೆ.)

ಮುಕ್ತಾಯ ಎರಡು: ಅತ್ತೆ ಸೊಸೆಯ ಕೈ ಹಿಡಿದು ಕಣ್ಣೀರಿಡುವುದು. ಕೆರಿಯಮ್ಮ ನನ್ನನ್ನು ನೋಡಿದ ನೋಟಕ್ಕೆ ಅದೂ ಹೋಯಿತು.

ಮುಕ್ತಾಯ ಮೂರು: ವಾಪಸ್ ಬಸ್ಸಿನಲ್ಲಿ ಪಕ್ಕದ ಹೆಂಗಸು ಏನು ಕಾಯಿಲೆಯೆಂದು ಕೇಳಿದಳು. ಕೆರಿಯಮ್ಮ ಇಡೀ ಬಸ್ಸಿಗೆ ಕೇಳುವಂತೆ, "ಗರ್ಭಕೋಶದಾಗೆ ಗಡ್ಡೆ. ಡಾಕ್ಟ್ರಿಗಿಂತ ಮುಂಚೆ ನಮ್ ಸೊಸೇನೇ ಕಂಡ್ಹಿಡ್ದಿದ್ಳು. ನಾನೇ ನಂಬ್ಲಿಲ್ಲ," ಎಂದರು.

ಇಲ್ಲಿಗೆ ಚೆಂದವಾಯಿತೆಂದು ಪೆನ್ನಿಗೆ ಕ್ಯಾಪು ಹಾಕಿದೆ.

"ಚೆಂದ ನಿಮ್ಗೆ," ಎಂದಳು ವಿಶಾಲಮ್ಮ. "ಗಡ್ಡೆ ಇನ್ನೂ ನನ್ ಹೊಟ್ಟೇಲೇ ಐತೆ."