ಮೂರನೆಯವಳ ಗುರುತು

ಯಂತ್ರಕ್ಕೆ ಉದ್ದನೆಯ ಕಡತ ಓದಿಸಿ, ಆಮೇಲೆ ಪ್ರಶ್ನೆ ಕೇಳಿ, ಅದಕ್ಕೆ ಎಷ್ಟು ಅರ್ಥವಾಗಿದೆ ಎಂದು ನೋಡುವುದು ಪುಟ್ಟಿಯ ಕೆಲಸ. ಮನೆಯಲ್ಲಿ ಪುಟ್ಟಿ, ಕಚೇರಿಯಲ್ಲಿ ಮೂವರು ಪರೀಕ್ಷಕರಲ್ಲಿ ಒಬ್ಬಳು. ಮೂವರೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳದೆ ಸರಿ, ತಪ್ಪು ಎಂದು ಗುರುತು ಹಾಕಬೇಕು. ಇಬ್ಬರು ಹೇಳಿದ್ದೇ ಖಾಯಂ. ಒಂಟಿಯಾಗಿ ಉಳಿದ ಗುರುತನ್ನು ಕಣ್ತಪ್ಪು ಎಂದು ಬಿಟ್ಟುಬಿಡುವುದು ಅಲ್ಲಿನ ಪದ್ಧತಿ.

ಆ ದಿನ ಬಂದದ್ದು ಕಳ್ಳತನವಾದ ಗೋದಾಮಿನ ಕಾವಲುಗಾರನೊಬ್ಬನ ವಿಚಾರಣೆಯ ಕಡತ, ತಲೆದಿಂಬಿನಷ್ಟು ದಪ್ಪ. ಮೊದಲ ಪುಟಗಳಲ್ಲಿ ಅವನು ಹೆದರಿ, ಬಾಗಿಲು ಹಾಕದೆ ಹೋದವನು ತಾನೇ ಎಂದಿದ್ದ. ನಡುವೆ ಎಲ್ಲೋ, ಬೀಗದ ಕೈ ಯಜಮಾನರ ಹತ್ತಿರವೇ ಇತ್ತು, ತಪ್ಪು ನನ್ನದೇ ಎಂದು ಹೇಳಲು ಅವರೇ ಹೇಳಿದರು, ಹೇಳಿದೆ ಎಂದು ತಿದ್ದಿಕೊಂಡಿದ್ದ. ತಪ್ಪು ಯಾರದೆಂದು ಕೇಳಿದರೆ ಯಂತ್ರ ಕಾವಲುಗಾರನದೇ ಎಂದಿತು. ಪುಟ್ಟಿ ತಪ್ಪು ಹಾಕಿದಳು. ಉಳಿದಿಬ್ಬರು ಸರಿ ಹಾಕಿದ್ದರು. ಹೋಲಿಸಿ ನೋಡಲೆಂದು ಕೊಟ್ಟಿದ್ದ ಮಾದರಿ ಉತ್ತರವೂ ಹಾಗೇ ಇತ್ತು. ಅದನ್ನು ಬರೆದವರೂ ನಡುವಿನವರೆಗೆ ಹೋಗಿರಲಿಲ್ಲ.

ಇಲ್ಲಿ ಪಾಸಾದರೆ ಯಂತ್ರ ಕಡತ ಓದಲು ಹೋಗುವುದು ಗಾಯಗೊಂಡ ಕೆಲಸಗಾರರ ಪರಿಹಾರದ ಕಚೇರಿಗೆ. ಅಲ್ಲಿ ಅತ್ತಿಗೆಯ ಮೇಲ್ಮನವಿ ಕೂತಿದೆ. ಲಾಂಡ್ರಿಯ ಇಸ್ತ್ರಿ ಉರುಳೆಗೆ ಬಲಗೈ ಬೆರಳು ಕೊಟ್ಟ ಅತ್ತಿಗೆ, ಕೆಲಸ ಹೋದೀತೆಂಬ ಭಯಕ್ಕೆ ಮೊದಲ ದಿನ ತನ್ನದೇ ಅಜಾಗರೂಕತೆ ಎಂದುಬಿಟ್ಟಿದ್ದಳು. ಕೈ ಸಿಗದಂತೆ ಉರುಳೆಗೆ ಅಡ್ಡವಿದ್ದ ತಗಡನ್ನು ಮೇಲ್ವಿಚಾರಕರು ಕಳಚಿಸಿದ್ದರೆಂದು ಬಾಯಿಬಿಟ್ಟದ್ದು ಎಷ್ಟೋ ವಿಚಾರಣೆಗಳಾದ ಮೇಲೆ.

ಪುಟ್ಟಿ ಕಡತ ಹಿಡಿದು ಓಡಿದಳು. ಮುಖ್ಯಸ್ಥರು ಅವಳ ಏದುಸಿರು ಕಂಡು ತಮ್ಮ ಕುರ್ಚಿಯನ್ನೇ ಸರಿಸಿಕೊಟ್ಟರು. ನಿಂತೇ ಓದಿ, ಕನ್ನಡಕ ತೆಗೆದರು.

"ನೀನು ಹೇಳೋದೇ ನಿಜಮ್ಮ."

"ಹಾಗಾದ್ರೆ ತಿದ್ದಿ ಸಾರ್."

"ನಂಗೆಲ್ಲಿ ತಿದ್ದೋ ಅಧಿಕಾರ? ಎಣಿಸಿ ಕಳಿಸೋದಷ್ಟೇ. ನಿನ್ನ ಮಾತನ್ನ ವರದಿ ಒಳಗೆಲ್ಲಾದ್ರೂ ಸೇರಿಸ್ತೀನಿ. ಅಲ್ಲೀವರೆಗೆ ಯಾರಾದ್ರೂ ಓದಿದ್ರೆ..."

ಅವಳೆದುರೇ ನಾಲ್ಕು ಸಾಲು ಬರೆದರು, ಅಂದವಾದ ಅಕ್ಷರದಲ್ಲಿ.

ಸಂಜೆ ಅತ್ತಿಗೆ ಬಾಚಣಿಗೆ ಹಿಡಿದು ಕಾಯುತ್ತಿದ್ದಳು. ಆ ಕೈಗೆ ಈಗ ಜಡೆ ಹೆಣೆಯಲು ಬರುವುದಿಲ್ಲ.

"ಬಂದ್ರಾ ಯಂತ್ರದ ಟೀಚರಮ್ಮ! ನನ್ನ ಕಡತಾನೂ ಇನ್ನು ನಿನ್ನ ಶಿಷ್ಯನೇ ಓದುತ್ತಂತಲ್ಲೇ. ಒಳ್ಳೇದೇ ಆಯ್ತು ಬಿಡು. ಅಲ್ಲಿನ ಅಧಿಕಾರಿ ಎರಡು ಹಾಳೆ ತಿರುಗಿಸೋದ್ರೊಳಗೆ ಆಕಳಿಸ್ತಿದ್ರು. ಇದಕ್ಕೆ ಆಕಳಿಕೆ ಇಲ್ವಲ್ಲ?"

"ಇಲ್ಲ ಅತ್ತಿಗೆ," ಎನ್ನುತ್ತಾ ಪುಟ್ಟಿ ಅವಳ ಹಿಂದೆ ಕೂತು ಜಡೆ ಹೆಣೆಯತೊಡಗಿದಳು.

"ನಿಮ್ಮಣ್ಣಂಗಿಂತ ಜಾಣತನ ಇದೆಯಾ?"

"ಅಣ್ಣ ಸಂತೆ ಚೀಟೀನೇ ಪೂರ್ತಿ ಓದಲ್ಲ, ಬಿಡಿ."

ಅತ್ತಿಗೆ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಇದು ಕೊನೇವರೆಗೂ ಓದುತ್ತೆ ತಾನೇ, ಪುಟ್ಟಿ?"

"ಓದುತ್ತೆ."

ಸುಳ್ಳೇನಲ್ಲ. ಒಂದಕ್ಷರ ಬಿಡದೆ ಓದುತ್ತಿತ್ತು; ನಂಬುವುದು ಮಾತ್ರ ಮೊದಲ ಪುಟಗಳನ್ನು. ಅತ್ತಿಗೆ ನೆಮ್ಮದಿಯಿಂದ ಹೆಗಲು ಸಡಿಲಿಸಿ, ಇನ್ನೇನೋ ಕೇಳಲು ಹಿಂದಕ್ಕೆ ತಿರುಗಹೊರಟಳು.

"ಅಲುಗಾಡಬೇಡಿ ಅತ್ತಿಗೆ, ಜಡೆ ಸೊಟ್ಟಗಾಗುತ್ತೆ," ಎಂದಳು ಪುಟ್ಟಿ, ಅವಳ ತಲೆಯನ್ನು ಎರಡೂ ಕೈಯಿಂದ ಮೆಲ್ಲನೆ ಮುಂದಕ್ಕೆ ತಿರುಗಿಸುತ್ತಾ.