ನೆಕ್ಕಿ ನೋಡಿದ ಕಲ್ಲು

ನಾಳೆ ಬೆಳಿಗ್ಗೆ ಅಡಿಲೇಡಿನಲ್ಲಿ ನೊರೀನಳ ತಂಗಿಯ ಮದುವೆ. ಗಂಡ ಬ್ಯಾರಿ ಮಾತ್ರ ಓಪಲ್ ರತ್ನದ ಗಣಿಯೂರಿನ ಮಣ್ಣುಗುಡ್ಡೆಯಿಂದ ಇಳಿಯಲೊಲ್ಲ. ಗಣಿಯವರು ಜರಡಿ ಹಿಡಿದು ಎಸೆದದ್ದನ್ನೇ ಮತ್ತೆ ಕೆದಕುತ್ತ, ಒದ್ದೆಯಾದರೆ ಬಣ್ಣ ಕಂಡೀತೆಂದು ಒಂದೊಂದು ಕಲ್ಲನ್ನೂ ನೆಕ್ಕುತ್ತಿದ್ದ. ಮಕ್ಕಳು ಕಾರಿನಲ್ಲಿ ಬೇಯುತ್ತಿದ್ದರು.

"ಅಂಗಡೀಲಿ ಒಂದು ಓಪಲ್ ತಗೊಂಡು ಹೊರಡೋಣ," ಎಂದಳು ನೊರೀನ್.

"ಕೊಳ್ಳೋದು ಪೆದ್ದರ ಕೆಲಸ ಕಣೇ. ಒಂದು ಸಿಗೋವರೆಗೂ ನಾ ಬರಲ್ಲ."

ಅವಳು ಬಿಸಿಲು ತಾಗದಂತೆ ನೆಲದಡಿ ಕೊರೆದ ಓಪಲ್ ಅಂಗಡಿಗೆ ಇಳಿದಳು. ಅಂಗಡಿಯ ಮುದುಕ ಮಿಲೋಶ್ ಅವಳ ಮುಖ ನೋಡಿಯೇ ಕೇಳಿದ, "ಗುಡ್ಡೆಗೆ ಹಾಕೋಕಾ ತಾಯಿ? ಹಾಗಾದ್ರೆ ಪಾಲಿಶ್ ಮಾಡದೇ ಇರೋದನ್ನ ತಗೊಳ್ಳಿ."

ಕೊಂಡ ಕಲ್ಲನ್ನವಳು ಬ್ಯಾರಿಯ ಕಾಲ ಬಳಿ ಮೆಲ್ಲಗೆ ಬೀಳಿಸಿದಳು. ಅವನು ಎತ್ತಿಕೊಂಡು ನೆಕ್ಕಿದ. ಕಲ್ಲು ಹಸಿರಾಗಿ ಹೊಳೆಯಿತು.

"ನೋಡಿದ್ಯಾ? ಕಣ್ಣಿರಬೇಕು ಕಣೇ."

"ಸರಿ, ಹೊರಡೋಣ."

"ಈಗ್ಲೇನಾ? ಹುಚ್ಚಾ ನಿಂಗೆ? ಇಲ್ಲಿ ಇನ್ನೂ ಎಷ್ಟಿದ್ಯೋ. ನಮಗೋಸ್ಕರ ಕಾಯಬೇಡ ಅಂತ ನಿನ್ನ ತಂಗಿಗೆ ಹೇಳಿಬಿಡು."

ಅಷ್ಟರಲ್ಲಿ ಮಿಲೋಶ್ ಬಾಡಿಗೆಗೆ ಕೊಡುವ ಗುದ್ದಲಿಯನ್ನು ಅಂಗಡಿ ಬಾಗಿಲಿಗೆ ತಂದಿಟ್ಟಿದ್ದ.