ದಾನವ್ವನ ಕರಡಿಗೆ ಸಮುದ್ರಕ್ಕೆ ಹೋದದ್ದು

ವಿಕ್ರೋಳಿಯ ಆ ಹಳೆಯ ಬಿಲ್ಡಿಂಗಿನಲ್ಲಿ ನೀರು ಬರುವುದು ಬೆಳಗಿನ ನಾಲ್ಕೂವರೆಗೆ. ನಲ್ಲಿಯೊಳಗೆ ಗಾಳಿ ಕೆಮ್ಮಿದ ಸದ್ದಾದರೆ ಮಹಾದೇವಿಗೆ ದಿನ ಹುಟ್ಟಿತು ಎಂದೇ ಲೆಕ್ಕ. ಮೊದಲು ಡ್ರಮ್ಮು ತುಂಬಬೇಕು. ಆಮೇಲೆ ತನ್ನ ಸ್ನಾನ, ಲಿಂಗಪೂಜೆ. ಗಂಡ ಮುರಿಗೆಪ್ಪನ ಡಬ್ಬಿ, ವಿಲೆ ಪಾರ್ಲೆಯ ಕಾಲೇಜಿಗೆ ಹೋಗುವ ಮಗಳು ಸ್ನೇಹಲ್‌ಳ ಡಬ್ಬಿ. ಅವರಿಬ್ಬರೂ ಹೊರಬಿದ್ದ ಮೇಲೆ ಅತ್ತೆ ದಾನವ್ವನ ಮೈ ಒರೆಸಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಆಕೆಯ ಎಡ ಅಂಗೈಯಲ್ಲಿಟ್ಟು, ವಿಭೂತಿ ಪತ್ರಿ ಕೈಗೆ ಕೊಟ್ಟು, ಪೂಜೆ ಮುಗಿಯುವ ತನಕ ಪಕ್ಕದಲ್ಲಿ ಕೂರಬೇಕು. ಪೂಜೆಯಾಗದೆ ದಾನವ್ವ ಹನಿ ನೀರು ಮುಟ್ಟುವವಳಲ್ಲ. ಏಳು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದು ಮಂಚ ಹಿಡಿದಾಗಲೂ, ಆಮೇಲೆ ಎರಡೂ ಕಣ್ಣಿಗೆ ಪೊರೆ ಕವಿದಾಗಲೂ ಆ ನೇಮ ಒಂದು ದಿನ ತಪ್ಪಿದ್ದಿಲ್ಲ.

ಮಂಚದ ಪಕ್ಕದಲ್ಲಿ ಕಿಟಕಿ. ಕಿಟಕಿಯಾಚೆ ನಾಲ್ಕು ಮೊಳ ದೂರದಲ್ಲಿ ಮತ್ತೊಂದು ಬಿಲ್ಡಿಂಗಿನ ಗೋಡೆ, ಗೋಡೆಯ ಮೇಲೆ ಇಳಿದು ಬಂದ ಒಂದು ಪೈಪು. ಕಣ್ಣು ಕಾಣುವ ತನಕ ಅತ್ತೆ ಅದನ್ನು ಮಲಗಿಕೊಂಡು ನೋಡುತ್ತಿದ್ದಳು, ಸೊಸೆ ನಿಂತುಕೊಂಡು ನೋಡುತ್ತಿದ್ದಳು. ಏಳು ವರ್ಷದಲ್ಲಿ ಮಹಾದೇವಿ ಒಂದು ರಾತ್ರಿಯೂ ಆ ಮನೆಯ ಹೊರಗೆ ಮಲಗಿರಲಿಲ್ಲ.

ಅವಳ ತಂಗಿ ನೀಲಾಬಾಯಿ ಮಲಾಡಿನಲ್ಲಿರುತ್ತಿದ್ದಳು. ಗಂಡ ತೀರಿದ ಮೇಲೆ ಜೋಳದ ರೊಟ್ಟಿ ಬಡಿದು ಮಾರಿ ತನ್ನ ಕಾಲ ಮೇಲೆ ನಿಂತವಳು. ಮಾರ್ವೆಯ ಕಡವಿನಿಂದ ಬೋಟು ಹತ್ತಿದರೆ ಕಾಲು ಗಂಟೆಗೆ ಮನೋರಿ. ಅಲ್ಲಿ ಅವಳ ಖಾಯಂ ಗಿರಾಕಿಯೊಬ್ಬಳ ಮನೆ, ತೆಂಗಿನ ಮರಗಳ ನಡುವೆ, ಮೆಟ್ಟಿಲಿಳಿದರೆ ಮರಳು. ಶನಿವಾರ, ರವಿವಾರ ಒಂದು ಕೋಣೆ ಕೊಡುತ್ತೇನೆಂದಳಂತೆ. ನೀಲಾಬಾಯಿ ಆ ಸುದ್ದಿ ಹಿಡಿದುಕೊಂಡು ನೇರ ದಾನವ್ವನ ಮಂಚದ ಬಳಿಗೇ ಬಂದಳು.

“ಯವ್ವಾ, ಎರಡ ದಿವಸ ಅಕ್ಕನ್ನ ನನಗ ಕೊಡ್ರಿ. ಸಮುದ್ರ ನೋಡ್ಕೊಂಡ ಬರ್ತೀವಿ.”

“ನಾ ಏನ ಆಕೀನ್ನ ಕಟ್ಟಿ ಹಾಕೀನೇನ?” ಎಂದಳು ದಾನವ್ವ, ಗೋಡೆಯ ಕಡೆಗೆ ಮುಖ ಮಾಡಿಯೇ. “ಹೋಗ್ಲಿ. ಕಾಲ ಇದ್ದವರು ಹೋಗಬೇಕು.”

ಆ ಮಾತು ಒಪ್ಪಿಗೆಯೋ ಕುಟುಕೋ ಮಹಾದೇವಿಗೆ ತಿಳಿಯಲಿಲ್ಲ. ಮುರಿಗೆಪ್ಪ ಶನಿವಾರ ರಜೆ ಹಾಕಿದ. ಗಂಜಿ ಎಷ್ಟು ತೆಳ್ಳಗಿರಬೇಕು, ಪೂಜೆಗೆ ಏನೇನು ಎಲ್ಲಿದೆ ಎಂದು ಅವಳು ಕನ್ನಡ ಬರೆಯಲು ಬಾರದ ಮಗಳಿಂದ ಹಿಂದಿಯಲ್ಲಿ ಬರೆಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು.

ಶನಿವಾರ ಬೆಳಗಿನ ಜಾವ ಅವಳಿಗೆ ಅತ್ತೆಯ ಕೊರಳಿನ ಶಿವದಾರ ಕಣ್ಣಿಗೆ ಬಿತ್ತು. ಎಳೆ ಬಿಟ್ಟುಕೊಂಡಿತ್ತು. ತಾನಿಲ್ಲದಾಗ ಹರಿದು ಲಿಂಗ ನೆಲಕ್ಕೆ ಬಿದ್ದರೆ? ಸ್ನಾನ ಮಾಡಿ ಬಂದು ಎರಡು ಹೊಸ ದಾರ ತೆಗೆದಳು, ಅತ್ತೆಗೊಂದು, ತನಗೊಂದು. ಹೇಗೂ ಬಿಚ್ಚಿದ್ದಾಯಿತೆಂದು ಎರಡು ಕರಡಿಗೆಗಳನ್ನೂ ಒಂದೇ ತಟ್ಟೆಯಲ್ಲಿಟ್ಟು ವಿಭೂತಿ ಹಚ್ಚಿ ಬೆಳ್ಳಿ ಬೆಳಗುವಂತೆ ಉಜ್ಜಿದಳು. ಮೂವತ್ತು ವರ್ಷದ ಹಿಂದೆ ಸೊಸೆ ಮನೆಗೆ ಬಂದಾಗ ದಾನವ್ವ ತನ್ನ ಕರಡಿಗೆಯ ಅಚ್ಚಿಗೇ ಸರಿಯಾಗಿ, ವಿಜಯಪುರದ ಅದೇ ಪತ್ತಾರನ ಕೈಯಿಂದ ಅವಳಿಗೂ ಒಂದು ಮಾಡಿಸಿ ಕೊಟ್ಟಿದ್ದಳು. ಅಷ್ಟರಲ್ಲಿ ಡ್ರಮ್ಮು ತುಂಬಿ ಹರಿಯಿತು. ಎದ್ದು ಹೋಗಿ ನಲ್ಲಿ ಕಟ್ಟಿ ಬಂದಳು. ಲೋಕಲ್ ಹಿಡಿಯುವ ಅವಸರ. ಪೂಜೆ ಮನೋರಿಯಲ್ಲೇ ಆಗಲಿ, ಅಲ್ಲಿಯವರೆಗೆ ಉಪವಾಸ ಎಂದುಕೊಂಡು, ಅರೆನಿದ್ದೆಯಲ್ಲಿದ್ದ ಅತ್ತೆಯ ಕೊರಳಿಗೆ ಒಂದನ್ನು ಕಟ್ಟಿ, ಇನ್ನೊಂದನ್ನು ತನ್ನ ಕೊರಳಿಗೆ ಕಟ್ಟಿಕೊಂಡು ಹೊರಬಿದ್ದಳು.

ಬೋಟಿನಲ್ಲಿ ಕೂರುತ್ತಿದ್ದಂತೆ ನೀಲಾಬಾಯಿ ಅಕ್ಕನ ಫೋನು ಕಸಿದುಕೊಂಡು ಸ್ವಿಚ್ ಆಫ್ ಮಾಡಿ ತನ್ನ ಚೀಲಕ್ಕೆ ಹಾಕಿದಳು.

“ಏ, ಕೊಡ ನೀಲಾ. ಮನ್ಯಾಗ ಏನರ ಆದ್ರ?”

“ಏನೂ ಆಗಂಗಿಲ್ಲ. ಗಂಡಸು ಒಂದ ದಿವಸ ತಾಯಿಗಿ ನೀರು ಕೊಟ್ರ ಮುಂಬೈ ಮುಳಗಂಗಿಲ್ಲ.”

ಮನೋರಿಯ ಮರಳು ಬಿಸಿಯೇರುವ ಮೊದಲೇ ಅವರು ತಲುಪಿದರು. ನೀಲಾಬಾಯಿ ಸೀರೆ ಎತ್ತಿ ಕಟ್ಟಿ ಅಕ್ಕನ ಕೈ ಹಿಡಿದು ನೀರಿಗೆಳೆದಳು. ಅಲೆ ಬಂದು ಮೊಣಕಾಲಿಗೆ ಬಡಿಯಿತು, ಎರಡನೆಯದು ಸೊಂಟಕ್ಕೆ, ಮೂರನೆಯದು ತಲೆಯ ಮೇಲೆಯೇ ಹಾಯಿತು. ತಂಗಿ ಚಿಕ್ಕಂದಿನಲ್ಲಿ ಊರ ಹಳ್ಳದಲ್ಲಿ ನಕ್ಕಂತೆಯೇ ನಗುತ್ತಿದ್ದಳು. ಮಹಾದೇವಿಯೂ ನಕ್ಕಳು. ನಗುತ್ತಲೇ ಒಂದು ಕೈಯಿಂದ ಎದೆಯ ಕರಡಿಗೆಯನ್ನು ಒತ್ತಿ ಹಿಡಿದಿದ್ದಳು. ಕಣ್ಣು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ. ನಾಲ್ಕು ಮೊಳದಾಚೆ ಕಣ್ಣಿಗೆ ತಡೆಯಾಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಬೆನ್ನು ತಿರುಗಿಸಿ ದಡದ ಕಡೆ ನಿಂತಳು. ಈಗ ಗಂಜಿ ಆರಿರಬೇಕು. ಈಗ ಮಗ್ಗುಲು ಬದಲಿಸುವ ಹೊತ್ತು.

“ಅಕ್ಕಾ, ಸಮುದ್ರ ಈ ಕಡೆ ಐತಿ,” ಎಂದಳು ನೀಲಾಬಾಯಿ.

ಕೋಣೆಗೆ ಬಂದು ಸಿಹಿನೀರು ಹುಯ್ದುಕೊಂಡು, ಒದ್ದೆ ಕೂದಲು ಕಟ್ಟಿ ಪೂಜೆಗೆ ಕೂತಾಗ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ನೀಲಾಬಾಯಿ ಆಚೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಕಾಯುತ್ತಿದ್ದಳು. ಮಹಾದೇವಿ ಕರಡಿಗೆ ತೆರೆದು ಲಿಂಗವನ್ನು ಎಡಗೈಗೆ ತೆಗೆದುಕೊಂಡಳು.

ಕೈಗೇ ಮೊದಲು ತಿಳಿಯಿತು. ಒಂದು ಮಗ್ಗುಲು ನುಣುಪಾಗಿ ಕೊಂಚ ಸವೆದಿತ್ತು. ಅರವತ್ತು ವರ್ಷ ಒಂದೇ ಹೆಬ್ಬೆರಳು ಒಂದೇ ಕಡೆ ಸವರಿದ ಸವಕಳಿ. ದಿನವೂ ತಾನೇ ತೆಗೆದು ಅತ್ತೆಯ ಅಂಗೈಗಿಡುವ ಲಿಂಗ.

“ನೀಲಾ!” ಎಂದು ಕೂಗಿದಳು. “ಇದು ಅತ್ತೀದು. ನಂದು ಅವರ ಕೊರಳಾಗೈತಿ. ನಾನ ಕಟ್ಟೀನಿ.”

ಫೋನು ಹೊತ್ತಿಸಿದೊಡನೆ ಹದಿನಾಲ್ಕು ಮಿಸ್ಡ್ ಕಾಲು. ಎತ್ತಿದವಳು ಸ್ನೇಹಲ್.

“ಮಮ್ಮೀ, ಕಹಾಂ ಥೀ ತುಮ್? ಅಜ್ಜಿ ಪಾನೀ ಭೀ ಪೀ ನಹೀ ರಹೀ, ಹನಿ ನೀರೂ ಒಲ್ಲೆ ಅಂತಾಳ! ಮುಂಜಾನಿಂದ ಒಂದೇ ಹೇಳ್ತಾಳ, ಇದು ನಂದ ಅಲ್ಲ, ನಂದ ಅಲ್ಲ ಅಂತ. ಪಪ್ಪಾ ಬೋಲೇ, ಅಜ್ಜಿಗೆ ಅದು ಆಯ್ತು... ವೋ ಕ್ಯಾ ಬೋಲ್ತೇ... ಅರಳು ಮರಳು.”

ಮುರಿಗೆಪ್ಪ ಫೋನು ತೆಗೆದುಕೊಂಡ. “ನೀ ಹ್ವಾದಿ ಅಂತ ಸಿಟ್ಟಿಗಿ ಹಟಾ ಹಿಡದಾಳ. ಲಿಂಗ ಕೈಯಾಗಿಟ್ರ ತಿರಗಿ ನನ್ನ ಕೈಯಾಗ ಇಡ್ತಾಳ.”

“ರೀ, ಹಟಾ ಅಲ್ರಿ. ಅವರು ಖರೇನ ಹೇಳಾಕತ್ತಾರ. ಅವರದು ನನ್ನ ಹತ್ರ ಬಂದೈತಿ. ತಪ್ಪ ನಂದು.”

ಮುರಿಗೆಪ್ಪ ಸಣ್ಣ ದನಿಯಲ್ಲಿ, “ಹುಚ್ಚು ಹಿಡದೈತೇನ ನಿನಗ ಅಂತ ಅವ್ವಗ ಬೈದ್ನೆಲ್ಲ ನಾ,” ಎಂದ. ಆಮೇಲೆ, “ನೀ ಈಗಿಂದೀಗ ಹೊಂಡು. ಎರಡ ತಾಸಿಗೆ ಮುಟ್ತಿ,” ಎಂದ.

ಮಹಾದೇವಿ ಆಗಲೇ ಒದ್ದೆ ಸೀರೆ ಮಡಚತೊಡಗಿದ್ದಳು. ನೀಲಾಬಾಯಿ ಫೋನು ಕಿತ್ತುಕೊಂಡಳು.

“ಮಾಮಾ, ಆಕಿ ಯಾಕ ಬರಬೇಕು? ನೀವ ಬರ್ರಿ ಮಾರ್ವೆಕ್ಕ. ನಾವು ಬೋಟಿನ್ಯಾಗ ದಾಟಿ ಬರ್ತೀವಿ. ಅದನ್ನ ಕೊಟ್ಟು ಇದನ್ನ ತಗೊಂಡ ಹೋಗ್ರಿ.”

“ಅವ್ವನ್ನ ಬಿಟ್ಟು ನಾ ಹೆಂಗ ಬರಾಕಾಗ್ತೈತಿ?”

“ಅಕ್ಕ ಏಳ ವರ್ಷ ಹಂಗ ಅಂದಾಳ. ನೀವು ಒಂದ ದಿವಸಕ್ಕ ಅಂದ್ರಿ!”

ಆಗ ಫೋನಿನಲ್ಲಿ ದಾನವ್ವನ ದನಿ ಕೇಳಿತು, ನೀರಿಲ್ಲದೆ ಒಣಗಿದ ಗಂಟಲು. “ಮಹಾದೇವಿ, ನಂದು ಜ್ವಾಪಾನ ಐತೇನ?”

“ಐತ್ರಿ ಅತ್ತಿ. ಎದಿಗಿ ಹಚ್ಕೊಂಡ ಕುಂತೀನಿ.”

“ನಿಂದೂ ಜ್ವಾಪಾನ ಐತಿ. ಯಾರ ಕೈಯಾಗೂ ಕೊಟ್ಟ ಕಳಸಬ್ಯಾಡ. ಲಿಂಗ ಏನ ಡಬ್ಬಿ ಅಲ್ಲ, ಕೈಯಿಂದ ಕೈಗಿ ದಾಟಸಾಕ. ನಾನ ಬರ್ತೀನಿ.”

“ನೀವು? ಹೆಂಗ್ರಿ?”

“ಮುರಿಗ್ಯಾನ್ನ ಒಂಬತ್ತ ತಿಂಗಳ ಹೊತ್ತೀನಿ. ಅಂವಾ ಎರಡ ಅಂತಸ್ತು ಹೊರ್ಲಿ.”

ವಿಕ್ರೋಳಿಯಿಂದ ಅವರ ರಿಕ್ಷಾ ಬರಲು ಎರಡು ತಾಸಾದರೂ ಬೇಕು. ಅಕ್ಕ ತಂಗಿ ಮೆಟ್ಟಿಲ ಮೇಲೆ ಕೂತರು. ರೊಟ್ಟಿ ಹಾಗೆಯೇ ಬಟ್ಟೆಯಲ್ಲಿ ಬಾಡುತ್ತಿತ್ತು. ಅಕ್ಕ ಉಣ್ಣದೆ ತಾನೂ ಉಣ್ಣಲಾರದ ಸಿಟ್ಟು ನೀಲಾಬಾಯಿಗೆ.

“ಒಂದ ಮಾತ ಕೇಳ್ತೀನಿ, ಖರೆ ಹೇಳ. ನೀ ಬೇಕಂತ ಅದಲಬದಲ ಮಾಡಿದೇನ? ತಿರಗಿ ಓಡಿ ಹೋಗಾಕ ಒಂದ ನೆವಾ ಇರಲಿ ಅಂತ?”

“ಹುಚ್ಚಿ. ದೇವರ ವಿಷಯದಾಗ ಯಾರರ ಹಂಗ ಮಾಡ್ತಾರೇನ?”

“ನಿನ್ನ ತಲಿ ಮಾಡಿಲ್ಲ. ನಿನ್ನ ಕೈ ಮಾಡೈತಿ.”

ಮಹಾದೇವಿ ತನ್ನ ಕೈ ನೋಡಿಕೊಂಡಳು. ಮುಂಜಾನೆ ಆ ಕೈ ಕತ್ತಲಲ್ಲಿ ಎರಡು ಗಂಟು ಕಟ್ಟಿತ್ತು. ಅತ್ತೆ ತನ್ನನ್ನು ಕಟ್ಟಿಹಾಕಿದ್ದಾಳೆಂದು ಎಷ್ಟೋ ಸಲ ಗೋಡೆಯ ಪೈಪಿಗೆ ಹೇಳಿಕೊಂಡಿದ್ದಳು. ಇವತ್ತು ಕಟ್ಟಿದವಳು ತಾನು. ಕಟ್ಟಿ, ದೋಣಿ ದಾಟಿ, ಫೋನು ಮುಚ್ಚಿ ಸಮುದ್ರದಲ್ಲಿ ನಗುತ್ತಿದ್ದಾಗ, ಅಲ್ಲಿ ಮುದುಕಿ ನಾಲಿಗೆ ಒಣಗಿಸಿಕೊಂಡು ಇದು ನಂದಲ್ಲ ಎನ್ನುತ್ತಿತ್ತು. ಒಬ್ಬರೂ ನಂಬಲಿಲ್ಲ. ಆ ಕೋಣೆಯಲ್ಲಿ ತಾನೊಬ್ಬಳೇ ಸಿಕ್ಕಿಕೊಂಡಿದ್ದೇನೆ ಎಂದು ಏಳು ವರ್ಷ ಎಣಿಸಿದ್ದೆನಲ್ಲ ಶಿವನೇ, ಎಂದು ಅವಳು ಕಣ್ಣು ಮುಚ್ಚಿದಳು. ಎದೆಯ ಮೇಲಿನ ಭಾರ ತನ್ನದಲ್ಲದ್ದು.

ನಾಲ್ಕು ಗಂಟೆಗೆ ಅವರು ಬೋಟಿನಲ್ಲಿ ಮಾರ್ವೆಗೆ ದಾಟಿದರು. ಕಡವಿನ ಬಾಯಿಗೆ ರಿಕ್ಷಾ ಬಂದು ನಿಂತಿತ್ತು. ಒಳಗೆ ಮುರಿಗೆಪ್ಪನ ತೋಳಿಗೆ ಒರಗಿ ದಾನವ್ವ, ತಲೆಯ ಮೇಲೆ ಸೆರಗು, ಕೊರಳ ಕರಡಿಗೆಯ ಮೇಲೆ ಕೈ. ತಾಯಿಯನ್ನು ಹೊತ್ತು ಇಳಿದ ಮುರಿಗೆಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅವನು ಯಾರ ಮುಖವನ್ನೂ ನೋಡಲಿಲ್ಲ.

ಮಹಾದೇವಿ ಅತ್ತೆಯ ಪಾದ ಹಿಡಿದಳು. “ತಪ್ಪಾತ್ರಿ.”

“ಮೊದಲ ನಂದು ನನಗ ಕೊಡು. ಆಮ್ಯಾಲ ಅಳು.”

ಅವರು ಬದಲಿಸಿಕೊಂಡರು. ದಾನವ್ವ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಆ ಸವೆದ ಕಡೆ ಮುಟ್ಟಿದಳು. ಮುಖ ಸಡಿಲವಾಯಿತು. ರಿಕ್ಷಾದವನು ಅರ್ಥ ಮಾಡಿಕೊಂಡವನಂತೆ ದೂರ ಹೋಗಿ ನಿಂತ. ಅತ್ತೆ ರಿಕ್ಷಾದ ಸೀಟಿನ ಮೇಲೆ, ಸೊಸೆ ಅದರ ಪಕ್ಕದ ಕಟ್ಟೆಯ ಮೇಲೆ, ಮೀನಿನ ಬುಟ್ಟಿಗಳೂ ಸ್ಕೂಟರುಗಳೂ ದಾಟುತ್ತಿದ್ದ ಆ ಗದ್ದಲದಲ್ಲಿ ಪೂಜೆ ಮಾಡಿಕೊಂಡರು. ಆಮೇಲೆ ಒಂದೇ ಬಾಟಲಿಯಿಂದ ಇಬ್ಬರೂ ನೀರು ಕುಡಿದರು.

“ಈಗ ತಿಳೀತೇನ, ಮುರಿಗ್ಯಾ?” ಎಂದಳು ದಾನವ್ವ.

“ತಿಳೀತ್ಬೇ.”

“ಕಣ್ಣ ಹೋಗ್ಯಾವ, ಕೈ ಹೋಗಿಲ್ಲ.” ಹೊಸ ಶಿವದಾರವನ್ನು ಮೂಗಿನ ಹತ್ತಿರ ತಂದಳು. “ಉಪ್ಪ ನಾರತೈತಿ. ನೀರಿಗಿ ಇಳಿಸಿದ್ದೇನ ನನ್ನ ದೇವರನ್ನ?”

“ತೆರಿ ತಲೀ ಮ್ಯಾಲ ಬಂತ್ರಿ,” ಎಂದಳು ಮಹಾದೇವಿ ತಲೆ ತಗ್ಗಿಸಿ.

ದಾನವ್ವ ಪೊರೆಗಣ್ಣನ್ನು ನೀರಿನ ಕಡೆ ತಿರುಗಿಸಿದಳು. ಸಂಜೆಯ ಬಿಸಿಲು ಕಡವಿನ ನೀರಿನ ಮೇಲೆ ಬಿದ್ದಿತ್ತು. ತಡೆಯಿಲ್ಲದ ಗಾಳಿ ಅವಳ ಮುಖಕ್ಕೆ ಬೀಸುತ್ತಿತ್ತು. “ಗ್ವಾಡಿ ಇಲ್ಲ ಇಲ್ಲಿ,” ಎಂದಳು.

ಮನೋರಿಯ ಬೋಟು ಮತ್ತೆ ತುಂಬತೊಡಗಿತ್ತು. ನೀಲಾಬಾಯಿ ಕಡವಿನ ಇಳಿಜಾರಿನಲ್ಲಿ ನಿಂತು ಇತ್ತ ನೋಡುತ್ತಿದ್ದಳು, ಕರೆಯಲಿಲ್ಲ. ಮುರಿಗೆಪ್ಪ ರಿಕ್ಷಾದ ಸೀಟಿನಲ್ಲಿ ಸರಿದು ಕೂತು ಹೆಂಡತಿಗೆ, “ಹತ್ತು ಇನ್ನ. ನಿನ್ನ ಚೀಲಾ ನೀಲಾ ತರ್ತಾಳ,” ಎಂದ. ಅವನಿಗೆ ಅದರಲ್ಲಿ ಕೇಳುವುದೇನೂ ಇರಲಿಲ್ಲ. ಮಹಾದೇವಿಗೂ ಯೋಚಿಸುವುದೇನೂ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಂದು ಕಾಲು ರಿಕ್ಷಾದೊಳಗೆ ಇಟ್ಟಳು.

ಆಗ ದಾನವ್ವ ಎರಡೂ ಕೈಯಿಂದ ತನ್ನ ಜೀವವಿಲ್ಲದ ಕಾಲನ್ನು ಎತ್ತಿ ಸೀಟಿನ ಮೇಲೆ ಉದ್ದಕ್ಕೆ ಇಟ್ಟುಕೊಂಡಳು. ಆಮೇಲೆ ಇನ್ನೊಂದು ಕಾಲು. ನೋವಿಗೆ ಹಲ್ಲು ಕಚ್ಚಿದ್ದು ಕಂಡಿತು.

“ಎಲ್ಲಿ ಹತ್ತಾಕತ್ತಿ? ಜಾಗಾ ಎಲ್ಲೈತಿ?” ಎಂದು ಗದರಿದಳು. “ಮುಂಜಾನಿಂದ ಉಪಾಸ ಕೆಡವೀದಿ ನನ್ನ. ಕಾಲರ ಚಾಚಗೊಡು.”

“ಅವ್ವಾ, ಮೂರ ಮಂದಿ ಆರಾಮ ಕೂಡ್ತೀವಿ,” ಎಂದ ಮುರಿಗೆಪ್ಪ.

“ನೀ ಸುಮ್ಮನ ಕುಂದರು. ನನ್ನ ಕಾಲ ಒತ್ತು.”

ಮಹಾದೇವಿ ಇಟ್ಟ ಕಾಲನ್ನು ಹಿಂದೆ ತೆಗೆದಳು. ರಿಕ್ಷಾ ತಿರುಗಿತು. ಮುರಿಗೆಪ್ಪ ಅಂಚಿನಲ್ಲಿ ಮುದುಡಿ ಕೂತಿದ್ದ, ತಾಯಿಯ ಪಾದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. ದಾನವ್ವ ಹಿಂದಿರುಗಿ ನೋಡಲಿಲ್ಲ. ನೋಡಿದರೂ ಅವಳಿಗೆ ಕಾಣುತ್ತಿರಲಿಲ್ಲ.

ಬೋಟಿನಲ್ಲಿ ನೀಲಾಬಾಯಿ ರೊಟ್ಟಿಯ ಗಂಟು ಬಿಚ್ಚಿ ಅಕ್ಕನ ಮಡಿಲಿಗಿಟ್ಟಳು. ಇಬ್ಬರೂ ಹಂಚಿಕೊಂಡು ತಿಂದರು.

ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ಮಹಾದೇವಿಗೆ ಎಚ್ಚರವಾಯಿತು. ತುಂಬಬೇಕಾದ ಡ್ರಮ್ಮು ಇರಲಿಲ್ಲ. ಅಲ್ಲಿ ನಲ್ಲಿ ಈಗ ಕೆಮ್ಮುತ್ತಿರಬೇಕು, ಅದರ ಸಡಿಲವಾದ ರಬ್ಬರು ಪೈಪಿಗೆ ಬಟ್ಟೆ ಸುತ್ತಬೇಕೆಂಬುದು ಅವರಿಗೆ ಹೊಳೆದೀತೇ? ಕೈ ತಾನಾಗಿ ಫೋನು ಹುಡುಕಿತು. ಅದು ತಂಗಿಯ ದಿಂಬಿನ ಕೆಳಗಿತ್ತು. ಎಬ್ಬಿಸಲಿಲ್ಲ. ಸ್ನಾನ ಮಾಡಿ, ಮೆಟ್ಟಿಲ ಮೇಲೆ ಕೂತು ತನ್ನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಪೂಜೆ ಮಾಡಿದಳು. ಅತ್ತೆಯ ಬೆರಳಿನ ವಿಭೂತಿ ಕರಡಿಗೆಯ ಅಂಚಿಗೆ ಇನ್ನೂ ಮೆತ್ತಿಕೊಂಡಿತ್ತು. ಅದನ್ನು ಒರೆಸಲಿಲ್ಲ.

ಮೆಲ್ಲಗೆ ಬೆಳಕಾಯಿತು. ನಾಲ್ಕು ಮೊಳದಾಚೆಯ ನೊರೆಯವರೆಗೆ ನೋಡಿದಳು, ಆಮೇಲೆ ಅದರ ಹಿಂದಿನ ಅಲೆ, ಅದರ ಹಿಂದಿನದು. ಕಣ್ಣು ದಣಿದು ಮತ್ತೆ ನೊರೆಗೇ ಬಂತು. ಸಂಜೆಯ ಬೋಟಿಗೆ ಇನ್ನೂ ಹನ್ನೊಂದು ತಾಸು ಇತ್ತು. ಅಷ್ಟು ತಾಸುಗಳನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.